ಉಂಡ ಮನೆಯ ಜಂತೆ

'ನಾನು ಇದ್ದದ್ದು ಇದ್ದಂಗೆ ಹೇಳೋನು ಕಣಪ್ಪ' ಎಂದು ನಮ್ಮ ದಂಡಿಗನಹಳ್ಳಿ ಕಡೆಯ ಅರಳಿಕಟ್ಟೆಯಲ್ಲಿ ಯಾರಾದರೂ ಮಾತು ಶುರು ಮಾಡಿದರೆ, ತಿಳಿದವರು ಹೆಗಲ ಮೇಲಿನ ಟವೆಲ್ ಕೊಡವಿಕೊಂಡು ಮೆಲ್ಲಗೆ ಏಳುತ್ತಾರೆ. ಮುಂದೆ ಬರುವುದು ಯಾರದೋ ಮನೆಯ ಮಗಳ ಸುದ್ದಿ, ಇಲ್ಲವೇ ಇನ್ಯಾರದೋ ಸಾಲದ ಸುದ್ದಿ ಎಂದು ಅವರಿಗೆ ಗೊತ್ತು. ಸುದ್ದಿ ನಿಜವೇ ಇರಬಹುದು. ಆದರೆ ಆ ಮನೆಯವರು ಮಾತ್ರ ಅಲ್ಲಿರುವುದಿಲ್ಲ.

ಹಿಂದೂಗಳ ನಡೆ, ಆಚಾರ, ವಿಧಿಗಳನ್ನು ಕುರಿತು ಅಬ್ಬೆ ದುಬುವಾ ಬರೆದ ಹೆಸರಾಂತ ಪುಸ್ತಕವನ್ನು ತೆರೆದಾಗಲೆಲ್ಲ ನನಗೆ ಆ ಕಟ್ಟೆ ನೆನಪಾಗುತ್ತದೆ. 1792ರಲ್ಲಿ ಭಾರತಕ್ಕೆ ಬಂದ ಈ ಫ್ರೆಂಚ್ ಪಾದ್ರಿ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದು, ಚದುರಿದ್ದ ಕ್ರೈಸ್ತರನ್ನು ಒಂದುಗೂಡಿಸಿದರು. ಹಾಸನದ ಹತ್ತಿರ ಬಡ ಕ್ರೈಸ್ತರಿಗೆ ಬೇಸಾಯದ ನೆಲೆ ಕಟ್ಟಿಕೊಟ್ಟರು. ಸಿಡುಬಿಗೆ ದಾಕು ಹಾಕಿಸಲು ದುಡಿದರು. ರುಮಾಲು ಸುತ್ತಿ, ಇಲ್ಲಿಯವರಂತೆ ಉಟ್ಟು ಉಂಡ ಅವರನ್ನು ಜನ 'ದೊಡ್ಡಸ್ವಾಮಿಯವರು' ಎಂದು ಕರೆದರು. ಆ ಗೌರವ ಅವರು ದುಡಿದು ಪಡೆದದ್ದು.

ಆದರೆ ಬರೆಯಲು ಕೂತಾಗ ಅವರು ಉಂಡ ಮನೆಯ ಜಂತೆ ಎಣಿಸಿದರು. ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಮೂಲಕ ಮದರಾಸಿನ ಕಂಪನಿ ಸರ್ಕಾರ 2000 ವರಹ ಕೊಟ್ಟು ಕೊಂಡಿತು. 1816ರಲ್ಲಿ ಅದರ ಇಂಗ್ಲಿಷ್ ಅನುವಾದ ಲಂಡನ್ನಿನಲ್ಲಿ ಅಚ್ಚಾಯಿತು. ಮುನ್ನುಡಿಯಲ್ಲಿ ಅವರೇ ತಮ್ಮ ಉದ್ದೇಶ ಹೇಳಿಕೊಳ್ಳುತ್ತಾರೆ: ಇಲ್ಲಿಯವರ ವಿಗ್ರಹಾರಾಧನೆಯ ಕುರೂಪವನ್ನು ತೋರಿಸಿದರೆ ಕ್ರೈಸ್ತಧರ್ಮದ ಚೆಲುವು ಎದ್ದು ಕಾಣುತ್ತದೆಯಂತೆ. ಅದಕ್ಕೊಂದು ಹೋಲಿಕೆಯನ್ನೂ ಕೊಡುತ್ತಾರೆ. ಮಕ್ಕಳಿಗೆ ಕುಡಿತದ ಮೇಲೆ ಹೇಸಿಗೆ ಹುಟ್ಟಲೆಂದು ಸ್ಪಾರ್ಟಾದವರು ಕುಡಿದ ಗುಲಾಮರನ್ನು ಅವರ ಮುಂದೆ ನಿಲ್ಲಿಸುತ್ತಿದ್ದರಂತೆ. ನಮ್ಮ ಊರವರು ಆ ಪುಸ್ತಕದಲ್ಲಿ ನಿಂತಿರುವುದು ಆ ಗುಲಾಮರ ಜಾಗದಲ್ಲಿ.

ಪುಸ್ತಕದಲ್ಲಿ ಕಣ್ಣಾರೆ ಕಂಡ ವಿವರಗಳಿವೆ. ಮಡಿ, ಊಟ, ಮದುವೆಗಳನ್ನು ಕುರಿತ ಪುಟಗಳು ಇಂದಿಗೂ ಉಪಯುಕ್ತ. ಸತ್ಯದ ವಿಷಯಕ್ಕೆ ಬಂದರೆ ಮಾತ್ರ ಇನ್ನೊಂದು ತೊಡಕಿದೆ. ಪುಸ್ತಕದ ಬಹುಭಾಗ ಅವರಿಗಿಂತ ಹಿಂದೆ ಇದ್ದ ಜೆಸುಯಿಟ್ ಪಾದ್ರಿ ಕೂರ್ದು ಅವರ ಬರಹದಿಂದ ಎತ್ತಿದ್ದು ಎಂದು ಫ್ರೆಂಚ್ ವಿದ್ವಾಂಸೆ ಸಿಲ್ವಿಯಾ ಮುರ್ 20ನೇ ಶತಮಾನದಲ್ಲಿ ತೋರಿಸಿಕೊಟ್ಟರು. ಬೇರೆಯವರನ್ನು ನಿಷ್ಠುರವಾಗಿ ತೂಗಿದ ಕೈ, ತನ್ನ ತಕ್ಕಡಿಯಲ್ಲಿ ಎರವಲು ಕಲ್ಲು ಇಟ್ಟುಕೊಂಡಿತ್ತು.

ಇದೇ ಮನುಷ್ಯ 1823ರಲ್ಲಿ ಇನ್ನೊಂದು ಪುಸ್ತಕ ಪ್ರಕಟಿಸಿದರು. ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿ ಕುರಿತ ಆ ಪತ್ರಗಳಲ್ಲಿ, ಇಷ್ಟು ವರ್ಷಗಳಲ್ಲಿ ತಾವು ಮತಾಂತರಿಸಿದ್ದು ಇನ್ನೂರು ಮುನ್ನೂರು ಜನರನ್ನಷ್ಟೆ, ಅವರಲ್ಲೂ ಮನಸಾರೆ ನಂಬಿ ಬಂದವರು ನೆನಪಿಲ್ಲ ಎಂದು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತಾರೆ. ಮಿಷನ್ನಿನವರು ಕೆರಳಿದರು, ಮರುವರ್ಷವೇ ಅವರ ಪರವಾಗಿ ಜೇಮ್ಸ್ ಹಫ್ ಎಂಬುವರು ಉತ್ತರ ಬರೆದರು. ಇದ್ದದ್ದು ಇದ್ದಂಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎನ್ನುವುದು ಸುಳ್ಳಲ್ಲ. ತನ್ನ ಸೋಲನ್ನು ತನ್ನವರ ಮುಂದೆಯೇ ಹೇಳಿಕೊಂಡದ್ದರಿಂದ ಈ ಪುಸ್ತಕಕ್ಕೆ ಬೆಲೆ ಹೆಚ್ಚು. ಆದರೂ ತನ್ನನ್ನು ನಂಬಿ ಬಂದ ಬಡವರನ್ನು ಭಿಕ್ಷುಕರು, ಅಲೆಮಾರಿಗಳು ಎಂದು ಲೆಕ್ಕ ಹಾಕುವಾಗ ಹಳೆಯ ನಾಲಿಗೆ ಮತ್ತೆ ಚುಚ್ಚುತ್ತದೆ.

ದುಬುವಾ ಪ್ರತಿದಿನ ಓದುತ್ತಿದ್ದ ಗ್ರಂಥದಲ್ಲೇ ಹೀಗೆ ಸತ್ಯ ಹೇಳುವುದಕ್ಕೆ ಅಳತೆಗೋಲು ಇದೆ. ಸಹೋದರ ತಪ್ಪು ಮಾಡಿದರೆ ಮೊದಲು ನೀನೊಬ್ಬನೇ ಹೋಗಿ ಅವನೊಬ್ಬನಿಗೇ ಹೇಳು ಎಂಬುದು ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದ ಬುದ್ಧಿಮಾತು. ದೇವರನ್ನು ಕೊಂಡಾಡುವ ಬಾಯಿಯಿಂದಲೇ ದೇವರ ಹೋಲಿಕೆಯಲ್ಲಿ ಹುಟ್ಟಿದ ಮನುಷ್ಯನನ್ನು ಶಪಿಸುವುದು ಸಲ್ಲದು ಎನ್ನುತ್ತಾನೆ ಯಾಕೋಬ. ಎಫೆಸದವರಿಗೆ ಬರೆದ ಪತ್ರದಲ್ಲಿ ಸತ್ಯ ಮತ್ತು ಪ್ರೀತಿ ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತು. ಈ ಮೂರರಲ್ಲಿ ಎಲ್ಲಿಯೂ ಸತ್ಯವನ್ನು ಮುಚ್ಚಿಡು ಎಂದಿಲ್ಲ. ಯಾರ ಮುಂದೆ ಹೇಳುತ್ತೀ, ಅವರಿಗೆ ಏನಾಗಲೆಂದು ಹೇಳುತ್ತೀ ಎಂದಷ್ಟೇ ಕೇಳುತ್ತವೆ.

ದೊಡ್ಡಸ್ವಾಮಿಯವರ ಮೊದಲ ಪುಸ್ತಕ ಆ ಪ್ರಶ್ನೆಗೆ ನಿಲ್ಲುವುದಿಲ್ಲ. ಯಾರ ಬಗ್ಗೆ ಬರೆದರೋ ಅವರಿಗೆ ತಿಳಿಯದ ಭಾಷೆಯಲ್ಲಿ, ಅವರನ್ನು ಆಳುವವರ ಕೈಗೆ ಅದನ್ನು ಕೊಟ್ಟರು. 1823ರಲ್ಲಿ ಕಂಪನಿಯ ಪಿಂಚಣಿ ಪಡೆದು ಪ್ಯಾರಿಸ್ಸಿಗೆ ಹೋದವರು 1848ರಲ್ಲಿ ತೀರಿಕೊಳ್ಳುವವರೆಗೂ ಈ ಕಡೆ ತಿರುಗಿ ಬರಲಿಲ್ಲ. ಅವರಿಗೆ ಅನ್ನ ಇಕ್ಕಿದವರಿಗೆ ಉತ್ತರ ಕೊಡುವ ಅವಕಾಶ ಸಿಗಲೇ ಇಲ್ಲ.