ನಿಸ್ಸದ ಗ್ರೆಗೋರಿಯ ಪತ್ರ ಮತ್ತು ನೆರೆಮನೆಯ ಯಾತ್ರೆ

ಹೊಸಕೆರೆಹಳ್ಳಿಯ ಒಂದು ಮನೆಯ ಪ್ರಾರ್ಥನಾಕೂಟದಲ್ಲಿ ನಮ್ಮ ಮುಂದೆ ಒಂದು ಪ್ರಶ್ನೆ ಬಂದಿತು. ಹಜ್ ಮುಗಿಸಿ ಬಂದ ಪಕ್ಕದ ಮನೆಯವರು ಜಮ್‌ಜಮ್ ನೀರನ್ನೂ ಖರ್ಜೂರವನ್ನೂ ಕೊಟ್ಟಿದ್ದಾರೆ, ಸ್ವೀಕರಿಸಬಹುದೇ? ಕೇಳಿದವರ ಕಪಾಟಿನಲ್ಲಿ ಯೊರ್ದನ್ ಹೊಳೆಯ ನೀರಿನ ಸೀಸೆಯೊಂದಿತ್ತು. ಜೊತೆಗಿದ್ದ ಬೋಧಕರೊಬ್ಬರು, ಯಾತ್ರೆಯೇ ವ್ಯರ್ಥವೆಂದು ನಿಸ್ಸದ ಗ್ರೆಗೋರಿಯು ಹೇಳಿದ್ದಾನೆಂದು ಉತ್ತರಿಸಿದರು.

ಗ್ರೆಗೋರಿಯ ಎರಡನೆಯ ಪತ್ರವನ್ನು ಹೀಗೆ ಬಳಸುವುದು ಹೊಸದಲ್ಲ. ಹದಿನೇಳನೆಯ ಶತಮಾನದಲ್ಲಿ ಪ್ರೊಟೆಸ್ಟೆಂಟರು ಕಥೋಲಿಕರ ಮೇಲೆ ಪ್ರಯೋಗಿಸಿದ ಆಯುಧವಿದು. ಈಗ ನಾವು ಅದನ್ನು ಮುಸಲ್ಮಾನರ, ಯೆಹೂದ್ಯರ ಕಡೆಗೆ ತಿರುಗಿಸಿದ್ದೇವೆ, ಅಷ್ಟೆ. ಸ್ಥಳ ಬದಲಿಸಿದ ಮಾತ್ರಕ್ಕೆ ದೇವರ ಸಾಮೀಪ್ಯ ದೊರೆಯದೆಂದು ಅದರಲ್ಲಿ ಬರೆದಿರುವುದು ನಿಜ. ಧನ್ಯರನ್ನು ಬಾಧ್ಯತೆಗೆ ಕರೆಯುವಾಗ ಕರ್ತನು ಅವರ ಸತ್ಕ್ರಿಯೆಗಳಲ್ಲಿ ಯೆರೂಸಲೇಮಿನ ಯಾತ್ರೆಯನ್ನು ಎಣಿಸಲಿಲ್ಲವೆಂಬ ವಾದವಂತೂ ಬಲವಾದದ್ದೇ. ಆದರೆ ಪತ್ರವು ಯಾರನ್ನು ಕುರಿತದ್ದು? ಸಂನ್ಯಾಸಜೀವನವನ್ನು ಕೈಕೊಂಡಿದ್ದ ತನ್ನವರನ್ನೇ. ದಾರಿಯ ಛತ್ರಗಳು ಅವರಿಗೆ ತಂದೊಡ್ಡುವ ಶೋಧನೆ, ಯೆರೂಸಲೇಮಿನಲ್ಲಿಯೇ ಕಂಡ ಕಳವು, ಕೊಲೆ, ವ್ಯಭಿಚಾರ ಇವೇ ಅವನ ಚಿಂತೆ. ಇದು ಸ್ವಜನರ ವಿಮರ್ಶೆ, ಪರಮತದ ಖಂಡನೆಯಲ್ಲ. ಇಸ್ಲಾಮಿನ ಉದಯಕ್ಕೆ ಆಗ ಇನ್ನೂ ಎರಡು ಶತಮಾನಗಳಿಗೂ ಮಿಕ್ಕಿದ ಕಾಲವಿತ್ತು.

ಸ್ಥಳದ ಮಹಿಮೆಯನ್ನು ಅವನು ಅರಿಯದವನೂ ಅಲ್ಲ. ಮೂರನೆಯ ಪತ್ರದಲ್ಲಿ ಪವಿತ್ರ ಸ್ಥಳಗಳನ್ನು ಕಂಡ ಆನಂದವನ್ನು ಹೇಳಿಕೊಳ್ಳುತ್ತಾನೆ. ಸೆಬಾಸ್ತೆಯ ನಲವತ್ತು ರಕ್ತಸಾಕ್ಷಿಗಳ ಅವಶೇಷಗಳ ಪಕ್ಕದಲ್ಲಿ ತನ್ನ ತಂದೆತಾಯಿಯರನ್ನು ಸಮಾಧಿ ಮಾಡಿಸಿದವನೂ ಅವನೇ. ಎರಡನೆಯ ಪತ್ರವನ್ನು ಮಾತ್ರ ಓದುವವರಿಗೆ ಈ ಗ್ರೆಗೋರಿಯ ಪರಿಚಯವಾಗುವುದಿಲ್ಲ.

ಯೋಹಾನ 4ಕ್ಕೂ ನಾವು ಇದೇ ಅನ್ಯಾಯ ಮಾಡುತ್ತೇವೆ. ಈ ಬೆಟ್ಟದಲ್ಲಿಯೂ ಅಲ್ಲ, ಯೆರೂಸಲೇಮಿನಲ್ಲಿಯೂ ಅಲ್ಲ ಎಂದು ಸಮಾರ್ಯದ ಸ್ತ್ರೀಗೆ ತಿಳಿಸಿದ ಸ್ವಾಮಿಯು, ರಕ್ಷಣೆ ಯೆಹೂದ್ಯರಿಂದ ಬರುವುದೆಂದು ಅದೇ ಉಸಿರಿನಲ್ಲಿ ನುಡಿದನು. ಧರ್ಮೋಪದೇಶಕಾಂಡ 16 ವಿಧಿಸಿದ ಹಬ್ಬದ ಯಾತ್ರೆಗಳನ್ನು ತಾನೂ ಕೈಕೊಂಡನು. ಕ್ರಿ.ಶ. 70ರಲ್ಲಿ ದೇವಾಲಯ ಬಿದ್ದ ಮೇಲೆಯೂ ಯೆಹೂದ್ಯರು ಪಸ್ಕದ ಊಟದಲ್ಲಿ ಆ ಊರನ್ನು ಮರೆತಿಲ್ಲ.

ಹಜ್ ವಿಷಯದಲ್ಲಿ ನಮ್ಮವರು ಗಮನಿಸದ ಒಂದು ಸಂಗತಿಯಿದೆ. ಅದು ಶಕ್ತರಿಗೆ ಮಾತ್ರ ಕಡ್ಡಾಯ. ಹೊರಡುವವನು ತನ್ನನ್ನು ನಂಬಿದವರ ಜೀವನಾಧಾರಕ್ಕೆ ಮೊದಲು ಏರ್ಪಾಡು ಮಾಡಿರಬೇಕು. ಮತ್ತಾಯ 25ರಿಂದ ಗ್ರೆಗೋರಿ ಎತ್ತಿದ ಪ್ರಶ್ನೆಗೆ ಹತ್ತಿರವಾದುದನ್ನು ಅಲ್ಲಿ ಪ್ರಯಾಣಕ್ಕೆ ಮುಂಚೆಯೇ ಕೇಳಲಾಗುತ್ತದೆ. ಪವಿತ್ರ ನಾಡಿನ ಪ್ರವಾಸಕ್ಕೆ ಕಂತಿನಲ್ಲಿ ಹಣ ಕಟ್ಟಿರೆಂದು ಕರೆಯುವ ನಮ್ಮ ಕರಪತ್ರಗಳಲ್ಲಿ ಆ ಪ್ರಶ್ನೆಯನ್ನು ನಾವು ಕಂಡಿಲ್ಲ.

ಖರ್ಜೂರವನ್ನು ಸ್ವೀಕರಿಸಿರೆಂದು ಆ ಮನೆಯವರಿಗೆ ಹೇಳಿದೆವು. ಬೋಧಕರು ತಿನ್ನಲಿಲ್ಲ, ಮಕ್ಕಳು ತಿಂದರು.