ದ್ವಿದ್ರವ ಮಿಶ್ರಣಗಳ ಡೈಎಲೆಕ್ಟ್ರಿಕ್ ಅಳತೆ: ಒಂದು ವಿಮರ್ಶೆ

ಎರಡು ದ್ರವಗಳನ್ನು ಬೇರೆ ಬೇರೆ ಪ್ರಮಾಣಗಳಲ್ಲಿ ಬೆರೆಸಿ, ಮಿಶ್ರಣದ ಡೈಎಲೆಕ್ಟ್ರಿಕ್ ಸ್ಥಿರಾಂಕವನ್ನು ಅಳೆದು, ಅದರಿಂದ ಅಣುಗಳ ಪರಸ್ಪರ ಸಂಬಂಧವನ್ನು ಊಹಿಸುವ ಪ್ರಬಂಧಗಳು ಹೇರಳವಾಗಿ ಪ್ರಕಟವಾಗುತ್ತಿವೆ. ಅವುಗಳ ರೂಪ ಬಹುಮಟ್ಟಿಗೆ ಒಂದೇ. ಶುದ್ಧ ದ್ರವಗಳ ಬೆಲೆಗಳನ್ನು ಸರಳರೇಖೆಯಿಂದ ಕೂಡಿಸುವುದು. ಅಳೆದ ಬೆಲೆ ಆ ರೇಖೆಯಿಂದ ಎಷ್ಟು ದೂರ ಸರಿದಿದೆಯೆಂದು ನೋಡುವುದು. ಈ ವಿಚಲನೆ ಋಣವಾದರೆ ಅಣುಗಳ ದ್ವಿಧ್ರುವಗಳು ಪ್ರತಿಮುಖವಾಗಿವೆಯೆಂದೂ, ಧನವಾದರೆ ಸಮಮುಖವಾಗಿವೆಯೆಂದೂ ತೀರ್ಮಾನಿಸುವುದು. ಅಳತೆಯ ಶ್ರಮ ಮೆಚ್ಚತಕ್ಕದ್ದು. ತೀರ್ಮಾನವನ್ನು ಮಾತ್ರ ಪರೀಕ್ಷಿಸದೆ ಒಪ್ಪಲಾಗದು.

ನೀರು ಮತ್ತು ಡಯಾಕ್ಸೇನ್‌ಗಳ ಮಿಶ್ರಣವನ್ನು ತೆಗೆದುಕೊಳ್ಳೋಣ. 25 ಡಿಗ್ರಿ ಸೆಂಟಿಗ್ರೇಡಿನಲ್ಲಿ ನೀರಿನ ಸ್ಥಿರಾಂಕ 78.4, ಡಯಾಕ್ಸೇನಿನದು 2.2. ತೂಕದಲ್ಲಿ ನೂರಕ್ಕೆ 70 ಭಾಗ ಡಯಾಕ್ಸೇನ್ ಇರುವ ಮಿಶ್ರಣದ ಅಳೆದ ಬೆಲೆ 17.7. ಮೋಲ್ ಲೆಕ್ಕದಲ್ಲಿ ಇದರಲ್ಲಿ ನೀರಿನ ಪಾಲು 0.68, ಸರಳರೇಖೆ ಕೊಡುವ ಬೆಲೆ ಸುಮಾರು 54, ವಿಚಲನೆ ಋಣ 36. ಬೆರೆಸುವ ಮುನ್ನಿನ ಗಾತ್ರದ ಲೆಕ್ಕದಲ್ಲಾದರೋ ನೀರಿನ ಪಾಲು 0.31 ಮಾತ್ರ, ರೇಖೆಯ ಬೆಲೆ 25.5, ವಿಚಲನೆ ಋಣ 8. ಹಾಗಾದರೆ ಮೊದಲಿನ 36ರಲ್ಲಿ 28ರಷ್ಟು ಬಂದದ್ದು ಅಣುಗಳ ಸಂಬಂಧದಿಂದಲ್ಲ, ಡಯಾಕ್ಸೇನಿನ ಅಣು ನೀರಿನ ಅಣುವಿಗಿಂತ ಬಹಳ ದೊಡ್ಡದೆಂಬ ಸಂಗತಿಯಿಂದ. ಸ್ಥಿರಾಂಕವು ಏಕಮಾನ ಗಾತ್ರದಲ್ಲಿ ಉಂಟಾಗುವ ಧ್ರುವೀಕರಣವನ್ನು ಸೂಚಿಸುವುದರಿಂದ, ಗಾತ್ರದ ಲೆಕ್ಕವೇ ಹೆಚ್ಚು ನ್ಯಾಯವಾದುದು.

ಅದೂ ಅಂತಿಮವಲ್ಲ. ಬ್ರುಗ್ಗೆಮನ್ 1935ರಲ್ಲಿ ಕೊಟ್ಟ ಮಿಶ್ರಣ ಸೂತ್ರವನ್ನು ಇದೇ ಪಾಲುಗಳಿಗೆ ಅನ್ವಯಿಸಿದರೆ ಸುಮಾರು 8.4 ಬರುತ್ತದೆ, ಆಗ ವಿಚಲನೆ ಧನ 9! ಆ ಸೂತ್ರ ಸ್ಥೂಲ ಕಣಗಳ ಮಿಶ್ರಣಕ್ಕೆ ಹೊರಟದ್ದು, ಅಣುಗಳ ಮಿಶ್ರಣಕ್ಕೆ ಅಷ್ಟಾಗಿ ಒಪ್ಪದು ಎಂಬುದು ನಿಜ. ಆದರೆ ಸರಳರೇಖೆಗಾದರೂ ಯಾವ ಸಿದ್ಧಾಂತದ ಬೆಂಬಲವಿದೆ? ಅಳೆದ ಸಂಖ್ಯೆ ಒಂದೇ ಆಗಿದ್ದು, ಅಳತೆಗೋಲು ಬದಲಾದೊಡನೆ ಚಿಹ್ನೆಯೇ ತಿರುಗುವುದಾದರೆ, ಆ ಚಿಹ್ನೆಯ ಮೇಲೆ ಅಣುರಚನೆಯ ಕಥೆ ಕಟ್ಟುವುದು ಉಚಿತವಲ್ಲ.

ಇನ್ನು ನಿಖರತೆಯ ಮಾತು. 25 ಡಿಗ್ರಿಯ ಸಮೀಪದಲ್ಲಿ ಉಷ್ಣತೆ ಒಂದು ಡಿಗ್ರಿ ಏರಿದರೆ ನೀರಿನ ಸ್ಥಿರಾಂಕ ಸುಮಾರು 0.36ರಷ್ಟು ಇಳಿಯುತ್ತದೆ. ಉಷ್ಣತೆಯನ್ನು ಅರ್ಧ ಡಿಗ್ರಿಯೊಳಗೆ ಹಿಡಿಯಲಾಗದ ಕೋಶದಿಂದ ಎರಡನೆಯ ದಶಮಾಂಶವನ್ನು ಮುದ್ರಿಸುವುದು ಓದುಗನಿಗೆ ನೆರವಾಗದು.

ಆದುದರಿಂದ ಸಂಶೋಧಕರು ವಿಚಲನೆಯ ನಕ್ಷೆಗಿಂತ ಮೊದಲು ಅಳೆದ ಬೆಲೆ, ಸಾಂದ್ರತೆ, ಉಷ್ಣತೆ, ಆವರ್ತಾಂಕಗಳನ್ನು ಪಟ್ಟಿಮಾಡಿ ಕೊಡಬೇಕು. ಅಣುಗಳ ದಿಕ್ಕಿನ ಹೊಂದಾಣಿಕೆಯನ್ನು ಕುರಿತು ಹೇಳಬಯಸುವವರು ಕರ್ಕ್‌ವುಡ್ 1939ರಲ್ಲಿ ನಿರೂಪಿಸಿದ ಸಹಸಂಬಂಧಾಂಕವನ್ನು, ಅದರ ಊಹೆಗಳನ್ನು ತಿಳಿಸಿಯೇ, ಬಳಸುವುದು ಮೇಲು. ಸಿದ್ಧಾಂತಗಳು ಬದಲಾಗಬಹುದು; ಎಚ್ಚರದಿಂದ ಅಳೆದು ಪೂರ್ಣವಾಗಿ ವರದಿಮಾಡಿದ ಸಂಖ್ಯೆ ಮುಂದಿನವರಿಗೂ ಒದಗುತ್ತದೆ.