ಲ್ಯಾಂಪ್ ಎಂದರೆ ದೀಪ ಎಂದಷ್ಟೇ ಕಲಿತರೆ

ಲ್ಯಾಂಪ್ ಎಂಬ ಇಂಗ್ಲಿಷ್ ಪದದ ಅರ್ಥ ಗೊತ್ತಿಲ್ಲದ ವಿದ್ಯಾರ್ಥಿ ಇವತ್ತು ಹಾಸನ ಜಿಲ್ಲೆಯಲ್ಲಿ ಸಿಗುವುದು ಕಷ್ಟ. ಪ್ರಾಥಮಿಕ ಶಾಲೆಯಲ್ಲೇ ಕಲಿಸುವ ಪದ ಅದು: ಲ್ಯಾಂಪ್ ಎಂದರೆ ದೀಪ. ನಡುವೆ ಒಂದು ಸಮ ಚಿಹ್ನೆ, ಅಲ್ಲಿಗೆ ಪಾಠ ಮುಗಿಯಿತು. ಆ ಸಮ ಚಿಹ್ನೆ ಎಷ್ಟು ಸಡಿಲ ಎಂಬುದನ್ನು ತೋರಿಸಿಕೊಡಲು ಹಾಸನದ್ದೇ ಒಂದು ಪುಸ್ತಕ ಬೇಕಾಯಿತು.

2025ರ ಮೇ 20ರಂದು ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಮೂರು ದಶಕಗಳಲ್ಲಿ ಬರೆದ ಕಥೆಗಳಿಂದ ಆಯ್ದ 12 ಕಥೆಗಳ ಸಂಕಲನವದು. ಇಂಗ್ಲಿಷಿಗೆ ತಂದವರು ಮಡಿಕೇರಿಯ ದೀಪಾ ಭಾಸ್ತಿ. ಪುಸ್ತಕಕ್ಕೆ ಹೆಸರು ಕೊಟ್ಟ ಕಥೆಯ ಕನ್ನಡ ಶೀರ್ಷಿಕೆ ‘ಎದೆಯ ಹಣತೆ’. ಎದೆ ಹಾರ್ಟ್ ಆದದ್ದರ ಬಗ್ಗೆ ಯಾರೂ ಹೆಚ್ಚು ತಕರಾರು ಮಾಡುವುದಿಲ್ಲ. ಹಣತೆ ಲ್ಯಾಂಪ್ ಆದದ್ದು ಮಾತ್ರ ಕನ್ನಡದ ಓದುಗರಿಗೆ ಸ್ವಲ್ಪ ಕಸಿವಿಸಿ. ಆ ಪುಟ್ಟ ಮಣ್ಣಿನ ಬಟ್ಟಲೆಲ್ಲಿ, ಬೀದಿ ದೀಪದಿಂದ ಮೇಜಿನ ದೀಪದವರೆಗೆ ಎಲ್ಲಕ್ಕೂ ಸಲ್ಲುವ ಲ್ಯಾಂಪ್ ಎಲ್ಲಿ?

ನಾನು ಈ ಪ್ರಶ್ನೆಯನ್ನು ಹಾಸನದ ಒಂದು ಓದುಕೂಟದಲ್ಲಿ ಪದವಿ ವಿದ್ಯಾರ್ಥಿಗಳ ಮುಂದಿಟ್ಟೆ. ಹೊಳೆನರಸೀಪುರದಿಂದ ರೈಲಿನಲ್ಲಿ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಬಸ್ಸಿನಲ್ಲಿ ಬಂದವರು ಅವರು. ಮೂಲ ಶೀರ್ಷಿಕೆ ಹೇಳದೆ, ‘ಹಾರ್ಟ್ ಲ್ಯಾಂಪ್’ ಅನ್ನು ಕನ್ನಡಕ್ಕೆ ತನ್ನಿ ಎಂದೆ. ಹೆಚ್ಚಿನವರು ಬರೆದದ್ದು ‘ಹೃದಯದೀಪ’. ನಿಘಂಟು ಅವರ ಪರವಾಗಿಯೇ ಇತ್ತು. ಮೂಲದಲ್ಲಿ ಹಣತೆ ಎಂದಿದೆ ಎಂದಾಗ ಅರಕಲಗೂಡು ಕಡೆಯ ಹುಡುಗಿಯೊಬ್ಬಳು, “ಹಣತೆ ಬೇರೆ ಸರ್. ಎಣ್ಣೆ ಇಲ್ದೆ ಗೂಡಲ್ಲಿ ಬಿದ್ದಿದ್ರೂ ಅದು ಹಣತೆನೇ” ಎಂದಳು.

ಈ ಮಾತಿನಲ್ಲಿ ವಿಮರ್ಶೆಗೆ ಬೇಕಾದ ಸುಳಿವಿದೆ. ಕನ್ನಡದ ‘ದೀಪ’ ಎರಡು ಕೆಲಸ ಮಾಡುತ್ತದೆ. ಹಿತ್ತಾಳೆ ದೀಪ ತೊಳೆದಿಡು ಎಂದಾಗ ಅದು ಪಾತ್ರೆ. ಗಾಳಿಗೆ ದೀಪ ಹೋಯಿತು ಎಂದಾಗ ಅದು ಉರಿ. ಹಣತೆ ಮೊದಲಿಗೆ ಪಾತ್ರೆ. ಉರಿ ಆರಿದರೂ ಹಣತೆ ಉಳಿದಿರುತ್ತದೆ. ಇಂಗ್ಲಿಷಿನ ಲ್ಯಾಂಪ್ ಕೂಡ ಹಾಗೆಯೇ: ಬೆಳಕು ಕೊಡಲೆಂದು ಮಾಡಿದ ವಸ್ತುವಿನ ಹೆಸರು, ಬೆಳಕಿಗೆ ‘ಲೈಟ್’ ಎಂಬ ಬೇರೆ ಪದವೇ ಇದೆ. ಹಚ್ಚದ ಲ್ಯಾಂಪೂ ಲ್ಯಾಂಪೇ. ನಾವು ದಿನನಿತ್ಯ ‘ಲೈಟ್ ಹಾಕು’ ಎನ್ನುತ್ತಾ ಬಲ್ಬನ್ನೂ ಬೆಳಕನ್ನೂ ಒಂದೇ ಪದದಲ್ಲಿ ಮುಗಿಸುವುದರಿಂದ ಈ ವ್ಯತ್ಯಾಸ ನಮ್ಮ ಕಿವಿಗೆ ಬೀಳುವುದಿಲ್ಲ. ಈ ಒಂದು ಗುಣದಲ್ಲಿ ಲ್ಯಾಂಪ್ ಪದಕ್ಕೆ ದೀಪಕ್ಕಿಂತ ಹಣತೆಯೇ ಹತ್ತಿರದ ನೆಂಟ.

ಕಥೆಗೆ ಇದು ಮುಖ್ಯ. ಗಂಡ ಬೇರೊಬ್ಬಳ ಹಿಂದೆ ಹೋದಾಗ ಮೆಹರುನ್ ಕಂಕುಳಲ್ಲಿ ಕೂಸನ್ನೆತ್ತಿಕೊಂಡು ತವರಿಗೆ ಬರುತ್ತಾಳೆ. ಅಣ್ಣಂದಿರು ಮನೆತನದ ಮರ್ಯಾದೆಯ ಮಾತೆತ್ತಿ ಅವಳನ್ನು ಅದೇ ಮನೆಗೆ ಮರಳಿ ಬಿಟ್ಟು ಬರುತ್ತಾರೆ. ಅವಳ ಎದೆಯ ಹಣತೆ ಎಂದೋ ಆರಿದೆ. ರಾತ್ರಿ ಅವಳು ಮೈಮೇಲೆ ಸೀಮೆಎಣ್ಣೆ ಸುರಿದುಕೊಂಡು ಕಡ್ಡಿ ಗೀರಲು ನಿಂತಾಗ ತಡೆಯುವವಳು ಮಗಳು ಸಲ್ಮಾ. ಆರಿದ್ದು ಉರಿ ಮಾತ್ರ. ಪಾತ್ರೆ ಒಡೆದಿಲ್ಲ ಎಂಬುದನ್ನು ಮಗಳು ತಾಯಿಗೆ ನೆನಪಿಸುತ್ತಾಳೆ. ‘ಹೃದಯದೀಪ’ ಎಂದರೆ ಈ ಓದು ಮಸುಕಾಗುತ್ತದೆ. ‘ಲ್ಯಾಂಪ್’ ಎಂದರೆ ಉಳಿಯುತ್ತದೆ.

ಹಾಗೆಂದು ನಷ್ಟವೇ ಇಲ್ಲ ಎನ್ನಲಾರೆ. ಹಣತೆಗೆ ಹಾಕುವುದು ಎಣ್ಣೆ. ಮೆಹರುನ್ ಸುರಿದುಕೊಳ್ಳುವುದೂ ನಮ್ಮ ಮಾತಿನಲ್ಲಿ ಸೀಮೆ‘ಎಣ್ಣೆ’. ಬೆಳಗಿಸುವ ಎಣ್ಣೆ, ಸುಡುವ ಎಣ್ಣೆ ಎರಡೂ ಒಂದೇ ಪದದಲ್ಲಿ ತಳುಕು ಹಾಕಿಕೊಂಡಿವೆ. ಇಂಗ್ಲಿಷಿನ ‘ಕೆರೋಸಿನ್’ಗೆ ಆ ನೆನಪಿಲ್ಲ. ಹಣತೆಗೆ ಯಾರಾದರೂ ದಿನವೂ ಎಣ್ಣೆ ಹಾಕಬೇಕು, ಬತ್ತಿ ಹೊಸೆಯಬೇಕು. ಈ ಹೆಂಗಸಿನ ಹಣತೆಗೆ ಎಣ್ಣೆ ಹಾಕಬೇಕಾದವರು ಯಾರಿದ್ದರು ಎಂಬ ಪ್ರಶ್ನೆ ಕನ್ನಡದ ಶೀರ್ಷಿಕೆಯಲ್ಲೇ ಅಡಗಿದೆ. ವಿದ್ಯುತ್ ಲ್ಯಾಂಪನ್ನೇ ಕಂಡು ಬೆಳೆದ ಓದುಗ ಆ ಪ್ರಶ್ನೆಗೆ ಬರಲು ಇಡೀ ಕಥೆ ಓದಬೇಕು.

ಹಾಗಾದರೆ ಹಣತೆಯನ್ನು ಹಾಗೇ ಉಳಿಸಬಹುದಿತ್ತೇ? ಅನುವಾದಕಿಗೆ ಮೂಲ ಪದ ಉಳಿಸಲು ಅಂಜಿಕೆಯಿಲ್ಲ. ಅವರ ಟಿಪ್ಪಣಿಯ ಹೆಸರೇ ‘ಅಗೇನ್‌ಸ್ಟ್ ಇಟಾಲಿಕ್ಸ್’. ಕನ್ನಡ, ಉರ್ದು ಪದಗಳಿಗೆ ವಾರೆ ಅಕ್ಷರವೂ ಇಲ್ಲ, ಅಡಿಟಿಪ್ಪಣಿಯೂ ಇಲ್ಲ. ಮುತವಲ್ಲಿ ಮುತವಲ್ಲಿಯಾಗಿಯೇ ಇದ್ದಾನೆ. ಒಂದು ಕಥೆಯ ಶೀರ್ಷಿಕೆಯಲ್ಲಿ ‘ಗೋಬಿ ಮಂಚೂರಿ’ ಇದೆ: ಇಂಗ್ಲಿಷಿನ ‘ಮಂಚೂರಿಯನ್’ ನಮ್ಮ ತಳ್ಳುಗಾಡಿಗಳಲ್ಲಿ ಸವೆದು ಮಂಚೂರಿಯಾಗಿ, ಅದೇ ಸವೆದ ರೂಪದಲ್ಲಿ ಇಂಗ್ಲಿಷಿಗೆ ಮರಳಿದೆ. ಆದರೂ ಪುಸ್ತಕದ ಹೆಸರಿನಲ್ಲಿ ಹಣತೆ ಇದ್ದಿದ್ದರೆ ಹೊರಗಿನ ಓದುಗನಿಗೆ ಅದೊಂದು ಪ್ರದರ್ಶನದ ವಸ್ತುವಾಗುತ್ತಿತ್ತೇನೋ. ‘ದಿಯಾ’ ಎಂದಿದ್ದರೆ ಕನ್ನಡದ ಪದವನ್ನು ಹಿಂದಿಯ ಮೂಲಕ ಇಂಗ್ಲಿಷಿಗೆ ಕಳಿಸಿದಂತಾಗುತ್ತಿತ್ತು. ಲ್ಯಾಂಪ್ ಸರಿಯಾದ ಆಯ್ಕೆ ಎಂದೇ ನನ್ನ ತೀರ್ಮಾನ. ಸರಿಯಾದ ಪದ ಎಂದರೆ ಪೂರ್ತಿ ಸಮನಾದ ಪದ ಎಂದೇನಲ್ಲ. ಹೆಸರು ಹೊರಲಾರದ ಭಾರವನ್ನು ಕಥೆ ಹೊರುತ್ತದೆ.

ಈ ಭಾರ ಹಂಚುವ ಕೆಲಸ ಹಾಸನಕ್ಕೆ ಹೊಸದಲ್ಲ. 1908ರಲ್ಲಿ ಹಾಸನದಲ್ಲೇ ಹುಟ್ಟಿದ ರಾಜಾರಾವ್ 1938ರ ‘ಕಾಂತಾಪುರ’ದಲ್ಲಿ, ತಮ್ಮದಲ್ಲದ ಭಾಷೆಯಲ್ಲಿ ತಮ್ಮ ಮನಸ್ಸನ್ನು ಹೇಳುವ ಕಷ್ಟವನ್ನು ಮುನ್ನುಡಿಯಲ್ಲೇ ಎತ್ತಿಕೊಂಡರು. ಅಲ್ಲಿನ ಹಿಮಾವತಿ ಹೊಳೆಯ ಹೆಸರಲ್ಲಿ ಗೊರೂರು, ಹೊಳೆನರಸೀಪುರಗಳನ್ನು ಹಾದುಹೋಗುವ ನಮ್ಮ ಹೇಮಾವತಿ ಕೇಳಿಸುತ್ತದೆ. ಅವರು ಕನ್ನಡದ ಲಯವನ್ನು ಇಂಗ್ಲಿಷ್ ವಾಕ್ಯಕ್ಕೆ ಹೊರಿಸಿದರು. ‘ಹಾರ್ಟ್ ಲ್ಯಾಂಪ್’ ಒಂದು ಸಾದಾ ಇಂಗ್ಲಿಷ್ ಪದಕ್ಕೆ ಕನ್ನಡದ ಮನೆಯೊಂದರ ಕತ್ತಲನ್ನು ಹೊರಿಸಿದೆ.

ನನ್ನ ಆತಂಕ ಇರುವುದು ಮರುಪ್ರಯಾಣದ ಬಗ್ಗೆ. ಇಂಗ್ಲಿಷಿನಲ್ಲಿ ಗೆದ್ದ ಪುಸ್ತಕವನ್ನು ನಮ್ಮ ಹುಡುಗರು ಇಂಗ್ಲಿಷಿನಲ್ಲೇ ಮೊದಲು ಓದುವ ದಿನಗಳಿವು. ಲ್ಯಾಂಪ್ ಎಂದರೆ ದೀಪ ಎಂಬ ಸಮ ಚಿಹ್ನೆ ಹಿಡಿದು ಅವರು ಹಿಂದಿರುಗಿದರೆ, ದಾರಿಯಲ್ಲಿ ಕಳೆದುಹೋಗುವುದು ಇಂಗ್ಲಿಷ್ ಪದವಲ್ಲ, ಹಣತೆ. ಲ್ಯಾಂಪ್ ಪದವನ್ನು ಸರಿಯಾಗಿ ಬಳಸಲು ಕಲಿಯುವುದೆಂದರೆ ಅದು ಎಲ್ಲಿಯವರೆಗೆ ಹಣತೆ, ಎಲ್ಲಿಂದಾಚೆಗೆ ಅಲ್ಲ ಎಂದು ತಿಳಿಯುವುದು. ಅದನ್ನು ತಿಳಿಯಲು ಎರಡೂ ಪಠ್ಯಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳಬೇಕು. ಕನ್ನಡದ್ದನ್ನು ಮೊದಲು ಓದಿದರೆ ಇನ್ನೂ ಒಳ್ಳೆಯದು.